ಟ್ಯಾಂಕಿನ ಲೆಕ್ಕ, ಬಾವಿಯ ನೀರು

2023ರ ಆಗಸ್ಟ್ 20ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಪಕ್ಕದ ಪರಿಯಾಪುರಂನಲ್ಲಿ ಡೀಸೆಲ್ ತುಂಬಿದ ಟ್ಯಾಂಕರೊಂದು ಮಗುಚಿತು. ಅದರಲ್ಲಿ ಇದ್ದದ್ದು ಸುಮಾರು 20,000 ಲೀಟರ್. ಬೆಂಕಿ ಹತ್ತಲಿಲ್ಲ, ಚೆಲ್ಲಿದ್ದನ್ನು ನೆಲ ಕುಡಿಯಿತು. ಅಪಾಯ ಕಳೆಯಿತು ಎಂದುಕೊಂಡ ಎರಡೇ ದಿನಕ್ಕೆ ಹತ್ತಿರದ ಕಾನ್ವೆಂಟ್ ಒಂದರಲ್ಲಿ ಬಾವಿಯ ಮೋಟಾರಿನ ಸ್ವಿಚ್ ಹಾಕಿದರು. ಬಾವಿಯೊಳಗಿಂದ ಬೆಂಕಿ ಎದ್ದಿತು. ಸುತ್ತಲಿನ ಇನ್ನೂ ಕೆಲವು ಬಾವಿಗಳಲ್ಲಿ ನೀರಿನ ಮೇಲೆ ಡೀಸೆಲ್ ತೇಲುತ್ತಿತ್ತು.

ಅಂಗಾಡಿಪುರಂ ಎಂದರೆ ಭೂವಿಜ್ಞಾನ ಓದಿದವರಿಗೆ ಇನ್ನೊಂದು ನೆನಪು. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ಗರಗಸ–ಕೊಡಲಿಗೆ ಸುಲಭವಾಗಿ ಬಗ್ಗುವ, ಗಾಳಿಗೆ ಬಿದ್ದೊಡನೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಅಲ್ಲಿ ಕಂಡು ಲೇಟರೈಟ್ ಎಂದು ಕರೆದ. 1807ರಲ್ಲಿ ಅವನ ಪುಸ್ತಕ ಪ್ರಕಟವಾದ ಮೇಲೆ ಆ ಹೆಸರು ಜಗತ್ತಿಡೀ ನಿಂತಿತು. ಅದರ ನೆನಪಿಗೆ ಅಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ಮಾರಕವೂ ಇದೆ. ಅದೇ ಬುಕಾನನ್ 1801ರ ಆರಂಭದಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಹೋದ. ಈ ದಾರಿಯಲ್ಲೂ ಅವನ ಕಾಲಡಿ ಅದೇ ಕಲ್ಲು. ನಾವು ಅದಕ್ಕೆ ಮುರಕಲ್ಲು ಎನ್ನುತ್ತೇವೆ. ಮನೆ ಕಟ್ಟುವುದು ಅದರಲ್ಲೇ, ಬಾವಿ ತೋಡುವುದೂ ಅದರಲ್ಲೇ. ಈಗ ಪೆಟ್ರೋಲ್ ಬಂಕಿನ ಟ್ಯಾಂಕು ಹೂಳುವುದೂ ಅದರಲ್ಲೇ.

ಮೂಡುಬಿದಿರೆಗೂ ಕಾರ್ಕಳಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 169ರ ಮೇಲಿರುವ ಬೆಳುವಾಯಿಯನ್ನು ಮುಂದಿಟ್ಟುಕೊಂಡು ಈ ಮಾತು ಆಡುತ್ತಿರುವುದಕ್ಕೆ ಕಾರಣವಿದೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಹೆದ್ದಾರಿ ಚತುಷ್ಪಥವಾಗುತ್ತಿದೆ. ರಸ್ತೆ ಅಗಲವಾದಲ್ಲಿ ಬಂಕುಗಳು ಬರುತ್ತವೆ, ಹಳೆಯವು ಹಿಂದೆ ಸರಿಯುತ್ತವೆ, ಕೆಲವು ಮುಚ್ಚುತ್ತವೆ. ಇದು ಊರಿನ ಯಾವುದೇ ಬಂಕಿನ ಮೇಲೆ ದೂರು ಅಲ್ಲ. ಮನೆಗೊಂದು ಬಾವಿ ಇರುವ, ಗುಡ್ಡೆಯ ಮೇಲೆ ರಸ್ತೆ ಹಾಗೂ ಗುಡ್ಡೆಯ ಕೆಳಗೆ ಬೈಲು ಇರುವ ತುಳುನಾಡಿನ ಯಾವ ಊರಿಗೂ ಈ ಪ್ರಶ್ನೆ ಸಲ್ಲುತ್ತದೆ: ನೆಲದಡಿಯ ಟ್ಯಾಂಕು ಸೋರಿದರೆ ನಮಗೆ ತಿಳಿಯುವುದು ಹೇಗೆ, ಎಷ್ಟು ಹೊತ್ತಿಗೆ?

ಮುರಕಲ್ಲಿನ ಒಳದಾರಿ

ನಮ್ಮ ನೆಲದಲ್ಲಿ ಮೂರು ಪದರ. ಮೇಲೆ ಮುರಕಲ್ಲು, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು, ಅದಕ್ಕೂ ಕೆಳಗೆ ಬಿರುಕುಬಿಟ್ಟ ಪಾದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿದರೂ ಅಂಗಳದಲ್ಲಿ ನೀರು ನಿಲ್ಲದಿರುವುದು ಮುರಕಲ್ಲಿನ ತೂತು, ಪೊಳ್ಳು, ಸೀಳುಗಳಿಂದಾಗಿ. ಮೇಲಿನಿಂದ ಇಳಿದ ನೀರನ್ನು ಶೇಡಿ ಅಷ್ಟು ಬೇಗ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಶೇಡಿಯ ಬೆನ್ನ ಮೇಲೆ ಅಡ್ಡಲಾಗಿ ಹರಿದು ಗುಡ್ಡೆಯ ಬುಡದಲ್ಲಿ ಒರತೆಯಾಗಿ ಏಳುತ್ತದೆ. ಬೈಲಿನ ತೋಟಗಳು, ಕೆರೆಗಳು, ಮದಕಗಳು ಬದುಕಿರುವುದು ಈ ಒರತೆಗಳಿಂದ.

ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಈ ಗುಟ್ಟನ್ನು ಬಲ್ಲವರು. ಬೋಳುಗುಡ್ಡೆಗೆ ಅಡ್ಡಲಾಗಿ ಒಬ್ಬರೇ ಸುರಂಗ ಕೊರೆದು ನೀರು ತಂದು ಅಡಿಕೆ ತೋಟ ಎಬ್ಬಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗುಡ್ಡೆಯೊಳಗೆ ನೀರಿಗೆ ದಾರಿ ಇದೆ ಎಂಬ ನಂಬಿಕೆಯೇ ಅವರ ಬಂಡವಾಳ. ಆ ದಾರಿ ನೀರಿಗೆ ಮಾತ್ರ ಮೀಸಲಲ್ಲ ಎನ್ನುವುದನ್ನು ಪರಿಯಾಪುರಂ ತೋರಿಸಿತು. ಅಲ್ಲಿ ಡೀಸೆಲ್ ಮೇಲ್ಮೈಯಿಂದ ಇಳಿದು ಬಾವಿ ಮುಟ್ಟಲು ಎರಡು ದಿನ ಸಾಕಾಯಿತು. ಬಂಕಿನ ಟ್ಯಾಂಕಿಗೆ ಅಷ್ಟೂ ಬೇಡ. ಅದರ ತಳವೇ ನೆಲದಿಂದ ಮೂರು–ನಾಲ್ಕು ಮೀಟರ್ ಆಳದಲ್ಲಿರುತ್ತದೆ. ಪಯಣದ ಅರ್ಧ ಅಲ್ಲಿಗೇ ಮುಗಿದಿರುತ್ತದೆ.

ಟ್ಯಾಂಕರ್ ಮಗುಚಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಟ್ಯಾಂಕಿನ ಹೊಲಿಗೆಯಲ್ಲಿ, ಇಲ್ಲವೇ ಟ್ಯಾಂಕಿನಿಂದ ನಳಿಕೆಗೆ ಹೋಗುವ ಪೈಪಿನ ಜಾಯಿಂಟಿನಲ್ಲಿ ಸೆಕೆಂಡಿಗೊಂದು ಹನಿ ಬಿದ್ದರೆ ಯಾರಿಗೂ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ: ಮಿಲಿಲೀಟರಿಗೆ ಇಪ್ಪತ್ತು ಹನಿಯಂತೆ ದಿನಕ್ಕೆ ನಾಲ್ಕು ಲೀಟರಿಗೂ ಮೇಲೆ, ವರ್ಷಕ್ಕೆ ಸಾವಿರದ ಐನೂರು ಲೀಟರಿಗೂ ಮೇಲೆ. ಕರಾವಳಿಯ ಮುರಕಲ್ಲಿನ ನೀರು ಸ್ವಲ್ಪ ಹುಳಿ ಗುಣದ್ದು. ಕಬ್ಬಿಣಕ್ಕೆ ಅದು ಒಳ್ಳೆಯ ಸಂಗಾತಿಯಲ್ಲ. ಹಳೆಯ ಕಾಲದ ಒಂದೇ ಪದರದ ಉಕ್ಕಿನ ಟ್ಯಾಂಕಿಗೆ ಟಾರು ಬಳಿದು ಹೂತರೆ ಇಪ್ಪತ್ತು–ಮೂವತ್ತು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಎಲ್ಲಾದರೊಂದು ಕಡೆ ದಾರಿ ಮಾಡಿಕೊಂಡೀತು.

ಒಂದೇ ತೂತು, ಎರಡು ಕಾಲ

ಪ್ರತಿ ಮಳೆಗಾಲ ಕರಾವಳಿಯಲ್ಲಿ ಎಲ್ಲಾದರೂ ಒಂದು ಗಲಾಟೆ ಇದ್ದದ್ದೇ. ಬಂಕಿನಿಂದ ಹೊರಟ ಬೈಕು, ಕಾರು ಫರ್ಲಾಂಗು ದೂರ ಹೋಗುವಷ್ಟರಲ್ಲಿ ನಿಲ್ಲುತ್ತವೆ. ಮೆಕ್ಯಾನಿಕ್ ಬಾಟಲಿಗೆ ಇಳಿಸಿ ತೋರಿಸುತ್ತಾನೆ: ಕೆಳಗೆ ನೀರು, ಮೇಲೆ ಪೆಟ್ರೋಲ್. ಜನ ಸೇರುತ್ತಾರೆ, ವಿಡಿಯೊ ಹರಿದಾಡುತ್ತದೆ, ಬಂಕಿನವರು ರಿಪೇರಿ ಖರ್ಚು ಕೊಡುತ್ತಾರೆ, ಟ್ಯಾಂಕು ತೊಳೆಯುತ್ತಾರೆ. ಅಲ್ಲಿಗೆ ಸುದ್ದಿ ಮುಗಿಯುತ್ತದೆ.

ನನಗೆ ಸುದ್ದಿ ಅಲ್ಲಿಂದ ಶುರುವಾಗಬೇಕು ಎನಿಸುತ್ತದೆ. ಟ್ಯಾಂಕಿಗೆ ನೀರು ಬಂದದ್ದು ಎಲ್ಲಿಂದ? ಕೆಲವೊಮ್ಮೆ ಮೇಲಿನ ಮ್ಯಾನ್‌ಹೋಲಿನ ಮುಚ್ಚಳ ಸಡಿಲಿದ್ದು ಮಳೆನೀರು ಇಳಿದಿರಬಹುದು. ಲೋಡು ಇಳಿಸುವ ಪೈಪಿನ ಬಾಯಿ ಸರಿಯಾಗಿ ಮುಚ್ಚಿರದಿರಬಹುದು. ಕೊಳೆತ ವಾಷರ್ ಬದಲಿಸಿದರೆ ಇವಕ್ಕೆ ಪರಿಹಾರ. ಆದರೆ ತಳದಲ್ಲೋ ಪಕ್ಕದಲ್ಲೋ ತೂತಾಗಿದ್ದರೆ ಕಥೆ ಬೇರೆ. ಜುಲೈ–ಆಗಸ್ಟಿನ ಆಟಿಯಲ್ಲಿ ನೆಲದೊಳಗಿನ ನೀರು ಏರಿ ಟ್ಯಾಂಕಿನ ಸುತ್ತ ಮುತ್ತುತ್ತದೆ. ಖಾಲಿ ಕೊಡಪಾನವನ್ನು ಬಾವಿ ಮೇಲಕ್ಕೆ ಒತ್ತುವಂತೆ ಆ ನೀರು ಖಾಲಿ ಟ್ಯಾಂಕನ್ನೂ ಎತ್ತಿಬಿಡುತ್ತದೆ. ಅದಕ್ಕೇ ಟ್ಯಾಂಕನ್ನು ಕಾಂಕ್ರೀಟ್ ಹಾಸಿಗೆ ಉಕ್ಕಿನ ಪಟ್ಟಿಯಿಂದ ಬಿಗಿದಿರುತ್ತಾರೆ. ಹೊರಗಿನ ನೀರಿನ ಒತ್ತಡ ಒಳಗಿನ ಪೆಟ್ರೋಲಿನದ್ದಕ್ಕಿಂತ ಹೆಚ್ಚಾದಾಗ ತೂತಿನಲ್ಲಿ ನೀರು ಒಳಕ್ಕೆ ನುಗ್ಗುತ್ತದೆ. ದೀಪಾವಳಿ ಕಳೆದು ನೀರು ಇಳಿದಂತೆ ಒತ್ತಡ ತಿರುಗುತ್ತದೆ. ನೀರು ಒಳಬಂದ ಬಾಗಿಲಿನಲ್ಲೇ ಪೆಟ್ರೋಲ್ ಹೊರಗೆ ಹೋಗುತ್ತದೆ. ಜುಲೈಯಲ್ಲಿ ವಾಹನದ ಇಂಜಿನ್ನಿಗಾಗಿ ಜಗಳವಾಡಿದವರು ಮಾರ್ಚಿನಲ್ಲಿ ಪಕ್ಕದ ಬಾವಿಯ ಬಗ್ಗೆ ಕೇಳುವುದಿಲ್ಲ. ಎರಡೂ ಒಂದೇ ತೂತಿನ ವ್ಯವಹಾರ.

ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರ ಹೊತ್ತಿಗೆ ಮುಟ್ಟಿದೆ. ಇದರಿಂದ ವಿಷಯ ಇನ್ನೊಂದು ಸುತ್ತು ಜಟಿಲವಾಗುತ್ತದೆ. ಎಥೆನಾಲ್‌ಗೆ ನೀರೆಂದರೆ ಪ್ರೀತಿ. ಟ್ಯಾಂಕಿಗೆ ನೀರು ಹೆಚ್ಚು ಸೇರಿದರೆ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜತೆ ತಳಕ್ಕೆ ಇಳಿಯುತ್ತದೆ. ನೆಲಕ್ಕೆ ಸೋರಿದ ಮೇಲೆ ನಡೆಯುವುದು ಇನ್ನೂ ಸೂಕ್ಷ್ಮ. ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ರೋಲಿನ ವಿಷಾಂಶಗಳನ್ನು ನಿಧಾನಕ್ಕೆ ತಿಂದು ಮುಗಿಸಬಲ್ಲವು. ಎಥೆನಾಲ್ ಸಿಕ್ಕರೆ ಅವು ಮೊದಲು ಅದನ್ನೇ ತಿನ್ನುತ್ತವೆ, ಇದ್ದ ಆಮ್ಲಜನಕವನ್ನೂ ಅದಕ್ಕೇ ಖರ್ಚು ಮಾಡುತ್ತವೆ. ಬೆಂಜೀನ್ ಹಾಗೇ ಉಳಿದು ಇನ್ನಷ್ಟು ದೂರ ಹರಿಯುತ್ತದೆ.

ಒಂದು ಲೀಟರ್ ಎಂದರೆ ಎಷ್ಟು?

ಪೆಟ್ರೋಲ್ ನೂರಾರು ರಾಸಾಯನಿಕಗಳ ಮಿಶ್ರಣ. ಬಾವಿಗೆ ಸಂಬಂಧಿಸಿ ಮುಖ್ಯವಾದವು ನಾಲ್ಕು: ಬೆಂಜೀನ್, ಟೊಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್. ನಾಲ್ಕರಲ್ಲಿ ಕೆಟ್ಟದ್ದು ಬೆಂಜೀನ್. ಅದು ನೀರಿನಲ್ಲಿ ಉಳಿದವಕ್ಕಿಂತ ಚೆನ್ನಾಗಿ ಕರಗುತ್ತದೆ, ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಹೇಳುವ ಮೊದಲ ಗುಂಪಿನಲ್ಲಿ ಅದಿದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ಬಿಎಸ್–6 ಪೆಟ್ರೋಲಿನಲ್ಲಿ ಬೆಂಜೀನ್ ಗರಿಷ್ಠ ಶೇ 1ರವರೆಗೆ ಇರಬಹುದು. ಹಾಗಿದ್ದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಹತ್ತು ಮಿಲಿಲೀಟರ್, ಅಂದರೆ ಎಂಟೂ ಮುಕ್ಕಾಲು ಗ್ರಾಂ ಬೆಂಜೀನ್. ಅಷ್ಟನ್ನೂ ಮಿತಿಯೊಳಗೆ ತರಬೇಕಾದರೆ ಎಂಟೂ ಮುಕ್ಕಾಲು ಲಕ್ಷ ಲೀಟರ್ ನೀರಿನಲ್ಲಿ ಕರಗಿಸಬೇಕು. ಹತ್ತಡಿ ಅಗಲದ, ಹತ್ತಡಿ ನೀರಿರುವ ಮನೆಬಾವಿಯಲ್ಲಿ ಇರುವುದು ಸುಮಾರು 22,000 ಲೀಟರ್. ಅಂದರೆ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಕಾಗದದ ಲೆಕ್ಕದಲ್ಲಿ ನಲವತ್ತು ಬಾವಿಗಳಿಗೆ ಸಾಕು. ನಿಜದಲ್ಲಿ ಬಹಳಷ್ಟು ಆವಿಯಾಗುತ್ತದೆ, ಮಣ್ಣಿಗೆ ಅಂಟುತ್ತದೆ, ಜೀವಾಣುಗಳ ಪಾಲಾಗುತ್ತದೆ. ಆದರೂ ವರ್ಷಕ್ಕೆ ಸಾವಿರದ ಐನೂರು ಲೀಟರ್ ಸೋರುವ ಹನಿಯ ಮುಂದೆ ಈ ಲೆಕ್ಕ ಇಟ್ಟರೆ ವಿಷಯದ ಗಾತ್ರ ತಿಳಿಯುತ್ತದೆ.

ಮೂಗು, ಕಡ್ಡಿ, ದೀಪ

ನೀರಿಗೆ ಸೀಮೆಎಣ್ಣೆ ವಾಸನೆ ಬಂದರೆ ಅದು ಕೆಟ್ಟಿದೆ, ಅನುಮಾನ ಬೇಡ. ವಾಸನೆ ಇಲ್ಲದಿದ್ದರೆ ಒಳ್ಳೆಯದಿದೆ ಎಂಬ ತೀರ್ಮಾನ ಮಾತ್ರ ತಪ್ಪು. ಬೆಂಜೀನ್ ಮಿತಿಗಿಂತ ನೂರಾರು ಪಟ್ಟು ಹೆಚ್ಚಾದ ಮೇಲಷ್ಟೇ ಮೂಗಿಗೆ ಸಿಗುತ್ತದೆ.

ಇನ್ನೊಂದು ಗೊಂದಲ ನಮ್ಮ ಕಡೆ ಸಾಮಾನ್ಯ. ಬಾವಿಯ ನೀರಿನ ಮೇಲೆ, ತೋಟದ ಕಣಿಯಲ್ಲಿ, ಗದ್ದೆಯ ಬದಿಯಲ್ಲಿ ಕಾಮನಬಿಲ್ಲಿನ ಬಣ್ಣದ ಪರೆ ಕಟ್ಟುತ್ತದೆ. ಕಂಡವರು ಎಣ್ಣೆ ಎಂದು ಹೆದರುತ್ತಾರೆ. ಮುರಕಲ್ಲಿನ ನೀರಿನಲ್ಲಿ ಕಬ್ಬಿಣ ಜಾಸ್ತಿ. ಅದನ್ನೇ ನಂಬಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ ಇದು. ಪರೀಕ್ಷೆಗೆ ಒಂದು ಕಡ್ಡಿ ಸಾಕು. ಪರೆಯನ್ನು ಕಡ್ಡಿಯಿಂದ ಕಲಕಿದಾಗ ಅದು ತೆಳು ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಕಬ್ಬಿಣದ್ದು. ಕಡ್ಡಿ ಹೋದ ದಾರಿ ಕ್ಷಣದಲ್ಲಿ ಮತ್ತೆ ಕೂಡಿಕೊಂಡು ಸುಳಿದರೆ ಎಣ್ಣೆಯದ್ದು. ಎಣ್ಣೆ ಎಂದಾದರೂ ಅದು ಬಂಕಿನದ್ದೇ ಎಂದು ಹಾರಬಾರದು. ಬಾವಿಕಟ್ಟೆಯ ಮೇಲೆ ಹಳೆಯ ಡೀಸೆಲ್ ಪಂಪುಸೆಟ್ಟು ವರ್ಷಗಟ್ಟಲೆ ಕೂತಿರಬಹುದು, ಗ್ಯಾರೇಜಿನವರು ಹಳೆ ಆಯಿಲನ್ನು ಹಿತ್ತಲಿಗೆ ಚೆಲ್ಲುತ್ತಿರಬಹುದು.

ಮೂರನೆಯದು ಜೀವದ ವಿಷಯ. ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಯಲು ಇಳಿಯುವ ಮುನ್ನ ಒಳಗೆ ಗಾಳಿ ಇದೆಯೇ ಎಂದು ನೋಡಲು ಉರಿಯುವ ದೀಪವನ್ನೋ ಸೂಟೆಯನ್ನೋ ಹಗ್ಗಕ್ಕೆ ಕಟ್ಟಿ ಇಳಿಸುವುದು ಹಿರಿಯರ ಕ್ರಮ. ದೀಪ ಆರಿದರೆ ಇಳಿಯುವುದಿಲ್ಲ. ಎಷ್ಟೋ ಜೀವ ಉಳಿಸಿದ ಬುದ್ಧಿವಂತಿಕೆ ಅದು. ಪೆಟ್ರೋಲ್ ಸೇರಿದ ಬಾವಿಯಲ್ಲಿ ಅದೇ ದೀಪ ಸ್ಫೋಟಕ್ಕೆ ಕಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬಾವಿಯ ಉಂಗುರದೊಳಗೆ ಕೂತು ಕಾಯುತ್ತದೆ. ವಾಸನೆಯ ಸಂಶಯ ಬಂದ ಬಾವಿಗೆ ದೀಪ ಇಳಿಸಬೇಡಿ, ಮೋಟಾರು ಹಾಕಬೇಡಿ, ಮನುಷ್ಯರನ್ನಂತೂ ಇಳಿಸಲೇಬೇಡಿ. ನೀರೆಲ್ಲ ಎತ್ತಿ ಹೊರಗೆ ಚೆಲ್ಲಿದರೆ ಸರಿಹೋದೀತು ಎಂದು ಪಂಪು ಹಚ್ಚುವವರಿದ್ದಾರೆ. ಅದರಿಂದ ಒತ್ತಡ ಇಳಿದು ಇನ್ನಷ್ಟು ಎಣ್ಣೆ ಬಾವಿಯತ್ತ ಎಳೆಯಲ್ಪಡುತ್ತದೆ, ಹೊರಗೆ ಚೆಲ್ಲಿದ್ದು ಪಕ್ಕದವರ ತೋಡು ಸೇರುತ್ತದೆ.

ಅಳೆಯುವ ಕೆಲಸ

ಸೋರಿಕೆಯ ಮೊದಲ ಪರೀಕ್ಷೆಗೆ ಪ್ರಯೋಗಾಲಯ ಬೇಡ, ಬಂಕಿನ ಪುಸ್ತಕ ಸಾಕು. ದಿನವೂ ಬೆಳಿಗ್ಗೆ ಟ್ಯಾಂಕಿಗೆ ಡಿಪ್ ರಾಡ್ ಇಳಿಸಿ ಎಷ್ಟಿದೆ ಎಂದು ನೋಡುತ್ತಾರೆ. ರಾಡಿನ ತುದಿಗೆ ವಿಶೇಷ ಪೇಸ್ಟ್ ಹಚ್ಚಿ ಇಳಿಸಿದರೆ ತಳದಲ್ಲಿ ನೀರಿದ್ದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ಈಚಿನ ಬಂಕುಗಳಲ್ಲಿ ಇದನ್ನೆಲ್ಲ ಸ್ವಯಂಚಾಲಿತ ಗೇಜುಗಳೇ ಮಾಡುತ್ತವೆ. ನಿನ್ನೆಯ ದಾಸ್ತಾನಿಗೆ ಬಂದ ಲೋಡು ಕೂಡಿಸಿ, ಮಾರಾಟ ಕಳೆದರೆ ಇಂದಿನ ದಾಸ್ತಾನು ಬರಬೇಕು. ಆವಿ, ತಾಪಮಾನಕ್ಕೆ ಒಂದಿಷ್ಟು ವ್ಯತ್ಯಾಸ ಇದ್ದದ್ದೇ; ಅದು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ವ್ಯತ್ಯಾಸ ತಿಂಗಳುಗಟ್ಟಲೆ ಒಂದೇ ಕಡೆಗೆ ವಾಲಿದರೆ ಅದು ಕಳ್ಳತನ, ಇಲ್ಲವೇ ಸೋರಿಕೆ. ದಿನಕ್ಕೆ 5,000 ಲೀಟರ್ ಮಾರುವ ಬಂಕಿನಲ್ಲಿ ಶೇ ಅರ್ಧ ಎಂದರೆ 25 ಲೀಟರ್. ವ್ಯಾಪಾರದ ಕಣ್ಣಿಗೆ ಅದು ಸಣ್ಣ ನಷ್ಟ, ನೆಲದ ಕಣ್ಣಿಗೆ ವರ್ಷಕ್ಕೆ 9,000 ಲೀಟರ್. ಪುಸ್ತಕ ಸಂಶಯ ಹುಟ್ಟಿಸಿದರೆ ಟ್ಯಾಂಕು ಮತ್ತು ಪೈಪುಗಳನ್ನು ಬೇರೆಬೇರೆಯಾಗಿ ಒತ್ತಡ ಪರೀಕ್ಷೆಗೆ ಒಡ್ಡುತ್ತಾರೆ.

ನೆಲದ ಪರೀಕ್ಷೆ ಆಮೇಲಿನದು. ಟ್ಯಾಂಕಿನ ಸುತ್ತ ಸಣ್ಣ ರಂಧ್ರ ಕೊರೆದು ಮಣ್ಣಿನ ಗಾಳಿಯಲ್ಲಿ ಆವಿ ಇದೆಯೇ ಎಂದು ಕೈಯಲ್ಲಿ ಹಿಡಿಯುವ ಉಪಕರಣದಿಂದ ನೋಡುತ್ತಾರೆ. ನಂತರ ಕನಿಷ್ಠ ಮೂರು ವೀಕ್ಷಣಾ ಬಾವಿ. ಮೂರು ಕಡೆ ನೀರಿನ ಮಟ್ಟ ಗೊತ್ತಾದರೆ ಮಾತ್ರ ಅದು ಯಾವ ದಿಕ್ಕಿಗೆ ವಾಲಿದೆ ಎಂದು ಹೇಳಲು ಸಾಧ್ಯ. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ, ನೀರಿನ ಮೇಲ್ಮೈಯಲ್ಲಿ ತೇಲುತ್ತವೆ. ಆದ್ದರಿಂದ ವೀಕ್ಷಣಾ ಬಾವಿಯ ಜಾಲರಿ ನೀರಿನ ಮಟ್ಟಕ್ಕೆ ಅಡ್ಡಲಾಗಿ ಇರಬೇಕು. ನಾನೂರು ಅಡಿಯ ಬೋರ್‌ವೆಲ್ ನೀರು ತಂದು ತೋರಿಸಿ ಏನೂ ಇಲ್ಲ ಎಂದರೆ ಒಪ್ಪಬೇಡಿ.

ಮಾದರಿ ತೆಗೆಯುವುದರಲ್ಲೇ ಅರ್ಧ ಸತ್ಯ ಕಳೆದುಹೋಗುತ್ತದೆ. ಮನೆಯ ತಾರಸಿಯ ಟ್ಯಾಂಕಿನಿಂದ ನಲ್ಲಿ ನೀರು ಹಿಡಿದು, ಮಿನರಲ್ ವಾಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ, ಎರಡು ದಿನ ಕಾರಿನಲ್ಲಿಟ್ಟು ಲ್ಯಾಬಿಗೆ ಕೊಟ್ಟರೆ ವರದಿ ಸ್ವಚ್ಛವಾಗಿಯೇ ಬರುತ್ತದೆ. ಬೆಂಜೀನ್ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಅದಕ್ಕೆ ಬೇಕಾದ್ದು 40 ಮಿಲಿಲೀಟರಿನ ಗಾಜಿನ ಸೀಸೆ, ಒಳಪದರವಿರುವ ಮುಚ್ಚಳ. ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಜೀವಾಣುಗಳು ತಿನ್ನದಂತೆ ತೊಟ್ಟು ಆಮ್ಲ ಹಾಕಬೇಕು, ಐಸಿನಲ್ಲಿ ಇಟ್ಟು ಒಯ್ಯಬೇಕು, ಎರಡು ವಾರದೊಳಗೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಡಬೇಕು. ಜಲಜೀವನ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ಬಂದಿರುವ ಪರೀಕ್ಷಾ ಕಿಟ್ಟು ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಕ್ಲೋರೈಡುಗಳನ್ನು ಹೇಳುತ್ತದೆಯೇ ಹೊರತು ಪೆಟ್ರೋಲಿನ ಬಗ್ಗೆ ಏನೂ ಹೇಳದು. ಕಿಟ್ಟಿನಲ್ಲಿ ಪಾಸಾದ ನೀರು ಎಂಬ ಸಮಾಧಾನ ಇಲ್ಲಿ ಸಲ್ಲುವುದಿಲ್ಲ.

ಇನ್ನು ನಮ್ಮ ಹವಾಮಾನದ ಚಮತ್ಕಾರ. ಕರಾವಳಿಯ ಬಾವಿಯಲ್ಲಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೂ ಆಟಿಗೂ ನೀರಿನ ಮಟ್ಟದಲ್ಲಿ ಹಲವು ಮೀಟರ್ ಅಂತರ. ನೀರು ಏರುವಾಗ ಮೇಲೆ ತೇಲುತ್ತಿದ್ದ ಎಣ್ಣೆ ಮುರಕಲ್ಲಿನ ಪೊಳ್ಳುಗಳಲ್ಲಿ ಸಿಕ್ಕಿಕೊಂಡು ಮುಳುಗುತ್ತದೆ. ಇಳಿಯುವಾಗ ಬಿಡುಗಡೆಯಾಗಿ ಮತ್ತೆ ತೇಲುತ್ತದೆ. ಹೀಗೆ ವರ್ಷವರ್ಷ ಏರಿಳಿದು ಕಲ್ಲಿನ ಉದ್ದಕ್ಕೂ ಎಣ್ಣೆ ಬಳಿದುಕೊಳ್ಳುತ್ತದೆ. ಜುಲೈಯಲ್ಲಿ ಮಾದರಿ ತೆಗೆದು ಶುದ್ಧವಾಗಿದೆ ಎಂದು ಕಡತ ಮುಚ್ಚಿದರೆ ಏಪ್ರಿಲಿನಲ್ಲಿ ವಾಸನೆ ಮರಳಿ ಬರುತ್ತದೆ. ಇಲ್ಲಿ ಒಂದು ಪರೀಕ್ಷೆ ಪರೀಕ್ಷೆಯೇ ಅಲ್ಲ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ನೋಡಬೇಕು.

ಸೋರಿದ್ದು ಎಷ್ಟು ದೂರ ಹರಿಯುತ್ತದೆ ಎಂಬ ಮಾತು ಬಂದಾಗ ಅಮೆರಿಕದ ಒಂದು ಅಧ್ಯಯನವನ್ನು ಉದಾಹರಿಸುವವರಿದ್ದಾರೆ. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಕ್ಯಾಲಿಫೋರ್ನಿಯಾದ ಸೋರಿಕೆಗಳನ್ನು ನೋಡಿ, ಬಹುಪಾಲು ಕಡೆ ಬೆಂಜೀನ್ 250 ಅಡಿಯ ಒಳಗೇ ನಿಂತಿದೆ ಎಂದರು. ಆ ನೆಲ ಹೆಚ್ಚಾಗಿ ಮರಳು–ಮೆಕ್ಕಲು, ಮಳೆಯೂ ಕಡಿಮೆ. ಪೊಳ್ಳುಪೊಳ್ಳಾದ ಮುರಕಲ್ಲಿಗೆ, ಶೇಡಿಯ ಇಳಿಜಾರಿಗೆ, 4,000 ಮಿ.ಮೀ. ಮಳೆಗೆ ಆ ಅಂಕಿಯನ್ನು ಎರವಲು ತರಲಾಗದು. ಅದೇ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ನಗರ 1996ರಲ್ಲಿ, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಬಾವಿಗಳಿಗೆ ಸೇರಿದ್ದರಿಂದ ತನ್ನ ನೀರಿನ ಮೂಲದ ಸುಮಾರು ಅರ್ಧವನ್ನೇ ಕಳೆದುಕೊಂಡಿತು. 1980ರ ದಶಕದಲ್ಲಿ ಕಾನೂನು ಮಾಡಿ ಹುಡುಕಲು ಹೊರಟ ಅಮೆರಿಕಕ್ಕೆ ಈವರೆಗೆ ಸಿಕ್ಕಿರುವ ಸೋರಿಕೆಗಳು ಐದು ಲಕ್ಷಕ್ಕೂ ಮೇಲೆ. ಹುಡುಕಿದ್ದಕ್ಕೇ ಅಷ್ಟು ಸಿಕ್ಕಿತು.

ನೆಲದಡಿಯ ಇನ್ನೊಂದು ಹೆದ್ದಾರಿ

ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲಿ ಟ್ಯಾಂಕು ಮಾತ್ರವಲ್ಲ, ಕೊಳವೆಯೂ ಇದೆ. ಮಂಗಳೂರಿನ ಎಂಆರ್‌ಪಿಎಲ್‌ನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಪೆಟ್ರೊನೆಟ್ ಎಂಎಚ್‌ಬಿಯ ಸುಮಾರು 360 ಕಿ.ಮೀ. ಉದ್ದದ ಕೊಳವೆ 2003ರಿಂದ ಹರಿಯುತ್ತಿದೆ. ಘಟ್ಟ ಹತ್ತಲು ಬೆಳ್ತಂಗಡಿಯ ನೆರಿಯದಲ್ಲಿ ಪಂಪಿಂಗ್ ಸ್ಟೇಷನ್ ಇದೆ. 2021ರಲ್ಲಿ ಬಂಟ್ವಾಳ ತಾಲ್ಲೂಕಿನ ಸೊರ್ನಾಡು ಬಳಿ ಕಳ್ಳರು ಈ ಕೊಳವೆಗೇ ಕನ್ನ ಕೊರೆದು ಡೀಸೆಲ್ ಎಳೆಯುತ್ತಿದ್ದದ್ದು ಬಯಲಾಯಿತು. ಸುದ್ದಿಯೆಲ್ಲ ಕದ್ದ ಡೀಸೆಲಿನ ಬೆಲೆಯ ಬಗ್ಗೆ ಇತ್ತು. ಒತ್ತಡದಲ್ಲಿ ಹರಿಯುವ ಕೊಳವೆಗೆ ಕಳ್ಳತನದಲ್ಲಿ ಕೂರಿಸಿದ ಪ್ರತಿ ವಾಲ್ವೂ ಒಂದು ಸಂಭಾವ್ಯ ಸೋರಿಕೆ ಎನ್ನುವುದನ್ನು ಯಾರೂ ಹೆಚ್ಚು ಮಾತಾಡಲಿಲ್ಲ.

ಕೊಳವೆ ಸೋರಿದರೆ ಏನಾಗುತ್ತದೆ ಎನ್ನುವುದಕ್ಕೆ ಚೆನ್ನೈಯ ತಂಡಿಯಾರ್‌ಪೇಟೆಯೇ ಪಾಠ. 2013ರಲ್ಲಿ ಅಲ್ಲಿನ ಮನೆಗಳ ಬೋರ್‌ವೆಲ್ಲುಗಳಲ್ಲಿ ಪೆಟ್ರೋಲ್ ವಾಸನೆಯ ನೀರು ಬಂತು. ಬಿಪಿಸಿಎಲ್‌ನ ನೆಲದಡಿಯ ಕೊಳವೆ ಸೋರುತ್ತಿತ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಯಿತು, ಮಣ್ಣು–ನೀರು ಶುದ್ಧಗೊಳಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಶುದ್ಧಗೊಳಿಸುವ ದಾರಿಗಳು ಇವೆ: ತೇಲುವ ಎಣ್ಣೆ ಹೀರುವುದು, ಮಣ್ಣಿನ ಆವಿಯನ್ನು ಎಳೆಯುವುದು, ನೀರಿಗೆ ಗಾಳಿ ಊದುವುದು, ಎಣ್ಣೆ ತಿನ್ನುವ ಜೀವಾಣುಗಳನ್ನು ಬಿಡುವುದು. ಟೆರಿ ಸಂಸ್ಥೆ ರೂಪಿಸಿದ ‘ಆಯಿಲ್‌ಜ್ಯಾಪರ್’ ಈ ಕೊನೆಯ ಬಗೆಯದು. ಎಲ್ಲವೂ ದುಬಾರಿ, ಎಲ್ಲವೂ ನಿಧಾನ.

ಬಾವಿಗೂ ಒಂದು ದಾಖಲೆ

ನಿಯಮಗಳಿಗೆ ನಮ್ಮಲ್ಲಿ ಬರವಿಲ್ಲ. ಹಸಿರು ನ್ಯಾಯಮಂಡಳಿಯ ಆದೇಶದ ಬೆನ್ನಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಅನಿವಾರ್ಯವಾದರೆ ಹೆಚ್ಚಿನ ಸುರಕ್ಷತೆಯೊಂದಿಗೆ 30 ಮೀಟರ್, ಅದಕ್ಕಿಂತ ಕಡಿಮೆ ಸಲ್ಲ. ಬೆಂಕಿ ಮತ್ತು ಆವಿಗೆ ಈ ಅಂತರ ಸರಿ. ನೆಲದಡಿಯ ಹರಿವಿಗೆ ಮೀಟರುಗಳ ವೃತ್ತ ಅರ್ಥವಾಗುವುದಿಲ್ಲ, ಅದಕ್ಕೆ ಗುಡ್ಡೆಯ ಇಳಿಜಾರೇ ಲೆಕ್ಕ. ಮೇಲಿನ ಮನೆಯ ಬಾವಿ 40 ಮೀಟರಿನಲ್ಲಿದ್ದೂ ಸುರಕ್ಷಿತವಾಗಿರಬಹುದು, ಕೆಳಗಿನ ಬೈಲಿನ ಬಾವಿ ಅದಕ್ಕಿಂತ ಎಷ್ಟೋ ಪಟ್ಟು ದೂರ ಇದ್ದೂ ಕೆಡಬಹುದು.

2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನೇ ತಂದಿದೆ. ಸಂಶಯಾಸ್ಪದ ತಾಣಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಕೆಡಿಸಿದವರೇ ಶುದ್ಧೀಕರಣದ ಖರ್ಚು ಭರಿಸಬೇಕು. ದೂರು ಕೊಡುವವರಿಗೆ ಇದು ಹೊಸ ಬಲ. ರಸ್ತೆ ಅಗಲೀಕರಣದಲ್ಲಿ ಮುಚ್ಚಿದ ಬಂಕುಗಳ ಜಾಗಗಳನ್ನು ಈ ಪಟ್ಟಿಗೆ ಸೂಚಿಸುವುದು ಪಂಚಾಯಿತಿಗಳಿಗೆ ಕಷ್ಟವಲ್ಲ. ಟ್ಯಾಂಕು ಎತ್ತಿದರೇ, ಖಾಲಿ ಮಾಡಿ ಮರಳು ತುಂಬಿದರೇ, ಎತ್ತಿದಾಗ ಕೆಳಗಿನ ಮಣ್ಣು ನೋಡಿದರೇ? ಟ್ಯಾಂಕು ಎತ್ತುವ ದಿನ ಗುಂಡಿಯ ತಳದ ಮಣ್ಣನ್ನು ಪರೀಕ್ಷಿಸುವಷ್ಟು ಅಗ್ಗದ, ನಿಖರವಾದ ಅವಕಾಶ ಮತ್ತೆ ಸಿಗದು. ಮೇಲೆ ಡಾಂಬರು ಬಿದ್ದರೆ ಮುಗಿಯಿತು.

ದೂರು ಗೆಲ್ಲದಿರಲು ಕಾರಣ ಕಾನೂನಿನ ಕೊರತೆಯಲ್ಲ, ದಾಖಲೆಯ ಕೊರತೆ. ಬಾವಿ ಕೆಟ್ಟಿದೆ ಎಂದಾಗ ಎದುರು ಪಕ್ಷದವರ ಮೊದಲ ಪ್ರಶ್ನೆ: ಮೊದಲು ಚೆನ್ನಾಗಿತ್ತು ಎನ್ನಲು ಏನಿದೆ ನಿಮ್ಮ ಹತ್ತಿರ? ಅಜ್ಜನ ಕಾಲದಿಂದ ಕುಡಿಯುತ್ತಿದ್ದೇವೆ ಎಂಬ ಉತ್ತರ ಊರಿಗೆ ಸಾಕು, ನ್ಯಾಯಮಂಡಳಿಗೆ ಸಾಲದು.

ಇದಕ್ಕೊಂದು ಸುಲಭ ಉಪಾಯವಿದೆ. ಪೆಟ್ರೋಲಿಯಂ ನಿಯಮಗಳ ಪ್ರಕಾರ ಹೊಸ ಬಂಕಿಗೆ ಜಿಲ್ಲಾಧಿಕಾರಿಯ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಆ ಪತ್ರ ಕೊಡುವ ಮೊದಲೇ ಇಳಿಜಾರಿನ ಕೆಳಗಿರುವ ಐದಾರು ಬಾವಿಗಳ ನೀರನ್ನು ಗಾಜಿನ ಸೀಸೆಯಲ್ಲಿ, ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ ವರದಿಯನ್ನು ಪಂಚಾಯಿತಿ ಕಡತಕ್ಕೆ ಸೇರಿಸಲಿ. ಆಮೇಲೆ ಪ್ರತಿ ಏಪ್ರಿಲ್, ಪ್ರತಿ ಆಗಸ್ಟ್ ಅದೇ ಬಾವಿ, ಅದೇ ಪರೀಕ್ಷೆ. ಖರ್ಚು ಬಂಕಿನ ಕಂಪನಿಯದ್ದು. ಕೋಟಿಗಟ್ಟಲೆ ಹೂಡಿಕೆಯಲ್ಲಿ ಅದು ಲೆಕ್ಕಕ್ಕೇ ಬಾರದ ಮೊತ್ತ. ಬಂಕಿನ ಮಾಲೀಕನಿಗೂ ಇದರಿಂದ ಲಾಭವೇ: ಪಕ್ಕದ ಗ್ಯಾರೇಜಿನ ಎಣ್ಣೆಗೆ ನಾಳೆ ಅವನು ಹೊಣೆಯಾಗಬೇಕಿಲ್ಲ. ಬಂಕಿನಲ್ಲಿ ಅಳತೆ ಸರಿ ಇದೆಯೇ, ಸಾಂದ್ರತೆ ಎಷ್ಟು, ಫಿಲ್ಟರ್ ಪೇಪರ್ ಕೊಡಿ ಎಂದು ಕೇಳುವ ಹಕ್ಕನ್ನು ಗ್ರಾಹಕ ಈಗಾಗಲೇ ಕಲಿತಿದ್ದಾನೆ. ದಾಸ್ತಾನಿನ ಪುಸ್ತಕದಲ್ಲಿ ಕಳೆದ ವರ್ಷದ ವ್ಯತ್ಯಾಸ ಎಷ್ಟು, ತಳದಲ್ಲಿ ಎಷ್ಟು ನೀರು ಕಂಡಿತ್ತು ಎಂದು ಗ್ರಾಮಸಭೆಯಲ್ಲಿ ಕೇಳುವುದನ್ನು ಇನ್ನು ನೆರೆಮನೆಯವನು ಕಲಿಯಬೇಕು. ಬೆಳುವಾಯಿಯಂಥ ಊರಿನಲ್ಲಿ ಹೆದ್ದಾರಿ ಪೂರ್ತಿಯಾಗುವ ಮೊದಲೇ ಈ ಪ್ರಶ್ನೆ ಎದ್ದರೆ ಉತ್ತರ ಅಗ್ಗ. ಬಾವಿಯಿಂದ ವಾಸನೆ ಎದ್ದ ಮೇಲೆ ಕೇಳಿದರೆ ಅದೇ ಉತ್ತರಕ್ಕೆ ತಂಡಿಯಾರ್‌ಪೇಟೆಯ ಬೆಲೆ.